ಎಂಟನೆಯ ‘ಬ’, ಕೊನೆಯ ಪಿರಿಯಡ್

ಧಾರವಾಡದ ಮೂರು ದಿನದ ತರಬೇತಿಯಲ್ಲಿ
ಹೇಳಿಕೊಟ್ಟಿದ್ದರು ಈ ಆಟ.
ಅಸಮಾನತೆಯ ಪಾಠ ಓದಿಸಬೇಡಿ, ಆಡಿಸಿ, ಎಂದಿದ್ದರು.
ಉಪ್ಪಿಟ್ಟು, ಚಹಾ, ಒಂದು ಫೈಲು, ಒಂದು ಪೆನ್ನು.

ಬ್ಯಾಡಗಿಯಲ್ಲಿ ಅಂದು ಗುರುವಾರ.
ಪೇಟೆಯ ಕಡೆಯ ಗಾಳಿ ಇತ್ತ ತಿರುಗಿ
ಕಿಟಕಿಯ ತುಂಬ ಮೆಣಸಿನಕಾಯಿಯ ಘಾಟು.
ನಾನು ಸೀನಿದೆ, ಹುಡುಗರು ಸೀನಿದರು,
ಸೀನುತ್ತಲೇ ಡಬ್ಬಿಗೆ ಕೈಹಾಕಿ
ಒಂದೊಂದು ಚೀಟಿ ಎತ್ತಿದರು.

ನೀಲಿಗೆ ಕುರ್ಚಿ, ಸ್ಟಾಫ್ ರೂಮಿನ ಫಿಲ್ಟರ್ ನೀರು,
ತಲೆಗೆರಡು ಗ್ಲೂಕೋಸ್ ಬಿಸ್ಕೀಟು.
ಹಳದಿಗೆ ಬೆಂಚು.
ಕೆಂಪಿಗೆ ನೆಲ. ಕೇಳದೆ ಏಳುವಂತಿಲ್ಲ,
ನೀಲಿಯವರು ಕರೆದರೆ ಕೂರುವಂತಿಲ್ಲ.

ಮೃತ್ಯುಂಜಯನಿಗೆ ಕೆಂಪು.
ಅವರಪ್ಪನ ದಲಾಲಿ ಅಂಗಡಿಯ ಕಾಟಾದ ಮೇಲೆ
ನನ್ನ ಅರ್ಧ ತರಗತಿ ಹತ್ತಿ ನಿಲ್ಲಬಹುದು.
“ಇದು ಬರೋಬ್ಬರಿ ಆಗ್ಲಿಲ್ರಿ ಅಕ್ಕೋರ”
ಐದೇ ನಿಮಿಷಕ್ಕೆ ಅವನ ಗಂಟಲು ಕಟ್ಟಿತು.
ಒಳಗೊಳಗೇ ಹಿಗ್ಗಿದೆ: ನಾಟುತ್ತಿದೆ ಪಾಠ.
ಫೈಲು ತೆಗೆದು ಬರೆದೆ, ‘ಪರಿಣಾಮಕಾರಿ’.

ಫಕ್ಕೀರವ್ವನಿಗೆ ನೀಲಿ.
ಘಾಟಿಗೆ ಸೀನದ ಒಬ್ಬಳೇ ಹುಡುಗಿ.
ರಜೆ ಬಂದರೆ ಅವ್ವನ ಜೊತೆ ಗೋದಾಮಿನಲ್ಲಿ ಕೂತು
ತೊಟ್ಟು ಬಿಡಿಸುತ್ತಾಳೆ, ಕಿಲೋ ಲೆಕ್ಕ;
ರಾತ್ರಿ ಅಂಗೈ ಉರಿದರೆ ಕೊಬ್ಬರಿ ಎಣ್ಣೆ,
ಮರೆತು ಕಣ್ಣುಜ್ಜಿದರೆ ಅದಕ್ಕೇನೂ ಇಲ್ಲ.
ಕುರ್ಚಿಯ ತುದಿಗೆ ಕೂತಳು,
ಬಸ್ಸಿನಲ್ಲಿ ಯಾರೋ ಟವೆಲ್ ಹಾಕಿ ಹಿಡಿದಿಟ್ಟ
ಸೀಟಿನಲ್ಲಿ ಕೂತವಳ ಹಾಗೆ.
ಬಿಸ್ಕೀಟು ಕೈಯಲ್ಲೇ ಬೆವೆತು ಮೆತ್ತಗಾಯಿತು.

“ಹುಕುಂ ಮಾಡವಾ, ಈಗ ನಿಂದ ರಾಜ್ಯ” ಎಂದೆ.
ಅವಳು ಎಲ್ಲರನ್ನೂ ನೋಡಿದಳು,
ಕೂತವರನ್ನು, ನಿಂತವರನ್ನು, ನನ್ನನ್ನು.
“ಎಷ್ಟೊತ್ತನ ತನಕ್ರಿ ಇದು?”
“ಗಂಟಿ ಹೊಡಿಯೂ ತನಕ.”
“ಹಂಗಾರ ಈಗ ಕಸಾ ಹೊಡಸ್ತೀನ್ರಿ.
ಗಂಟಿ ಆದ ಮ್ಯಾಲೆ ನನ್ನ ಪಾಳಿ ಐತಿ.”

ತರಗತಿ ಘೊಳ್ಳೆಂದಿತು. ಮೃತ್ಯುಂಜಯ ಕಸಬರಿಗೆ ಹಿಡಿದ,
ಕ್ರಿಕೆಟ್ ಬ್ಯಾಟು ಹಿಡಿದಂತೆ;
ಧೂಳು ಅವನ ಮುಂದೆ ಮುಂದೆ ಓಡಿತು.
ನೀಲಿ ಚೀಟಿ ಕಂಕುಳಲ್ಲಿ ಸಿಕ್ಕಿಸಿ ಫಕ್ಕೀರವ್ವ ಎದ್ದಳು.
“ಹಂಗಲ್ಲೋ. ಬಗ್ಗಬೇಕು.”
ಬಗ್ಗಿ ತೋರಿಸಿದಳು. ತೋರಿಸುತ್ತ ತೋರಿಸುತ್ತ
ಅರ್ಧ ಕೋಣೆ ತಾನೇ ಗುಡಿಸಿದ್ದಳು.

ಗಂಟೆ. ಚೀಟಿಗಳು ಡಬ್ಬಿಗೆ ವಾಪಸು.
ಮೃತ್ಯುಂಜಯ ಅನುಭವ ಹಂಚಿಕೊಂಡ, ಚಂದ ಮಾತಾಡಿದ,
ಚಪ್ಪಾಳೆ ಬಿತ್ತು.
ಎಲ್ಲರೂ ಹೋದರು. ಉಳಿದರ್ಧ ಕೋಣೆಗೆ
ಫಕ್ಕೀರವ್ವ ಉಳಿದಳು.

ಆಗ ಕಂಡದ್ದು ಬಾಗಿಲ ಹಿಂದಿನ ಪಟ್ಟಿ.
ಜೂನ್ ತಿಂಗಳಲ್ಲಿ ನಾನೇ ಬರೆದದ್ದು
ಹಸಿರು ಸ್ಕೆಚ್ ಪೆನ್ನಿನಲ್ಲಿ, ಅಂಚಿಗೆ ಹೂಬಳ್ಳಿ ಬಿಡಿಸಿ.
ಆರು ವಾರ, ಆರು ಹೆಸರು. ಆರೂ ಹುಡುಗಿಯರು.
ಅಡ್ಡಹೆಸರು ಓದಿದರೆ ಸಾಕು, ಓಣಿ ಗೊತ್ತಾಗುತ್ತದೆ.
ಯಾವ ಡಬ್ಬಿಗೆ ಕೈಹಾಕಿ ಎತ್ತಿದ್ದೆ ಇವರನ್ನು?
ಚೊಕ್ಕ ಹೊಡೆಯುತ್ತಾರೆ
ಎಂದುಕೊಂಡಿದ್ದೆ, ಅಷ್ಟೇ. ನಿಜವಾಗಿ ಅಷ್ಟೇ.

ಕಿತ್ತೆ. ಗೋಂದು ಗಟ್ಟಿ ಇತ್ತು,
ಹೂಬಳ್ಳಿಯ ಒಂದು ಮೂಲೆ ಬಾಗಿಲಿಗೇ ಉಳಿಯಿತು.

ಹೊಸ ಪಟ್ಟಿಗೆ ಚೀಟಿ ಹಾಕಿದೆವು, ಎಲ್ಲರ ಹೆಸರೂ,
ಹುಡುಗರದೂ, ನನ್ನದೂ.
ಸೋಮವಾರವೇ ನನ್ನದು ಬಂತು.
ಹೆಡ್ ಮಾಸ್ತರರು ಯಾವುದೋ ಸಹಿಗೆ ಕರೆದರು,
ಹತ್ತು ನಿಮಿಷ, ಹೆಚ್ಚೆಂದರೆ ಹನ್ನೆರಡು;
ಸೆರಗು ಸಿಕ್ಕಿಸಿಕೊಂಡು ಬರುವಷ್ಟರಲ್ಲಿ
ನೆಲ ಚೊಕ್ಕವಾಗಿತ್ತು.
“ನಿಮಗ ಬರಂಗಿಲ್ಲ ಬಿಡ್ರಿ ಅಕ್ಕೋರ”
ಚೀಲ ಹೆಗಲಿಗೇರಿಸಿ ನಗುತ್ತ ಹೊರಟಿದ್ದಳು.

ಪೇಟೆಯ ಕಡೆಯಿಂದ ಗಾಳಿ ಬಂತು.
ನಾನು ಸೀನಿದೆ.
ಅವಳು ತಿರುಗಿ ನೋಡಿದಳು, ಕಿಟಕಿ ಹಾಕಿ ಹೋದಳು.